ಹಿರಿಯರಿಲ್ಲದ ದ್ವೀಪ

ಸಂತ ಜಾನ್ ಬೋಸ್ಕೊರವರ ಹಬ್ಬ – ಜನವರಿ 31
ಶುಭಸಂದೇಶ: ಮತ್ತಾಯ 18:1-5



ಸಂತ ಜಾನ್ ಬೋಸ್ಕೊರವರ ಹಬ್ಬದ ಬಲಿಪೂಜೆಯಲ್ಲಿ ನಾವು ಆಲಿಸುವ ಶುಭಸಂದೇಶ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಸ್ವರ್ಗಸಾಮ್ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂದು ಶಿಷ್ಯರು ಯೇಸುಸ್ವಾಮಿಯನ್ನು ಕೇಳುತ್ತಾರೆ. ಇದೇ ಪ್ರಸಂಗವನ್ನು ಸಂತ ಮಾರ್ಕರು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ದಾರಿಯುದ್ದಕ್ಕೂ ಶಿಷ್ಯರು ತಮ್ಮಲ್ಲಿ ದೊಡ್ಡವರಾರೆಂದು ವಾದಿಸುತ್ತಾ ಬಂದಿದ್ದರು. ಮನೆ ಸೇರಿದ ಮೇಲೆ, ಏನು ಮಾತಾಡುತ್ತಿದ್ದಿರಿ ಎಂದು ಸ್ವಾಮಿ ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಆಗ ಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು.

ದೊಡ್ಡವರ ಪೈಪೋಟಿಗೆ ಸ್ವಾಮಿ ಕೊಟ್ಟ ಮದ್ದು ಒಂದು ಮಗು. ಆದರೆ ಮಕ್ಕಳ ನಡುವೆಯೇ ಪೈಪೋಟಿ ಹುಟ್ಟಿದರೆ ಏನು ಮಾಡಬೇಕು? ಮಕ್ಕಳು ದೇವರ ಸಮಾನ ಎನ್ನುತ್ತೇವೆ, ನಿಜ. ಆದರೂ ಮೂರು ಮಕ್ಕಳಿರುವ ತಾಯಿಯನ್ನು ಒಮ್ಮೆ ಕೇಳಿ ನೋಡಿ. ಎರಡು ಹೋಳಿಗೆಯನ್ನು ಮೂವರಿಗೆ ಹಂಚುವಾಗ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು ಆಕೆ ಹೇಳುತ್ತಾಳೆ. ದೊಡ್ಡವನು ಯಾರು ಎಂಬ ಶಿಷ್ಯರ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆಯೇ. ಆ ಜಗಳವನ್ನು ಬಿಡಿಸಲು ತಾಯಿ ಇದ್ದಾಳೆ. ಬಿಡಿಸುವವರೇ ಇಲ್ಲದಿದ್ದರೆ?

ಒಂದು ಕಥೆ

ಈ ಪ್ರಶ್ನೆಯನ್ನೇ ಹಿಡಿದು ಬರೆದ ಒಂದು ಪ್ರಸಿದ್ಧ ಕಾದಂಬರಿ ಇದೆ. ಬರೆದವರು ಇಂಗ್ಲೆಂಡಿನ ವಿಲಿಯಂ ಗೋಲ್ಡಿಂಗ್ (1911–1993). ಅವರು ಶಾಲಾ ಶಿಕ್ಷಕರು, ಹುಡುಗರ ಸ್ವಭಾವವನ್ನು ಹತ್ತಿರದಿಂದ ಬಲ್ಲವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, ಮನುಷ್ಯನು ಮನುಷ್ಯನಿಗೆ ಏನೆಲ್ಲ ಮಾಡಬಲ್ಲನೆಂಬುದನ್ನು ಕಣ್ಣಾರೆ ಕಂಡವರು. 1954ರಲ್ಲಿ ಅವರು ಪ್ರಕಟಿಸಿದ ಮೊದಲ ಕಾದಂಬರಿ ‘ಲಾರ್ಡ್ ಆಫ್ ದಿ ಫ್ಲೈಸ್’, ಅಂದರೆ ‘ನೊಣಗಳ ಒಡೆಯ’. 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಕಥೆ ಹೀಗಿದೆ. ಯುದ್ಧಕಾಲದಲ್ಲಿ ಶಾಲಾ ಬಾಲಕರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದ ವಿಮಾನವೊಂದು ನಿರ್ಜನ ದ್ವೀಪದಲ್ಲಿ ಬೀಳುತ್ತದೆ. ಬದುಕುಳಿದವರು ಹುಡುಗರು ಮಾತ್ರ. ಹಿರಿಯರು ಒಬ್ಬರೂ ಇಲ್ಲ. ಮೊದಲು ಎಲ್ಲವೂ ಚೆನ್ನಾಗಿಯೇ ಇರುತ್ತದೆ. ರಾಲ್ಫ್ ಎಂಬ ಹುಡುಗನನ್ನು ಕೈಯೆತ್ತಿ ನಾಯಕನನ್ನಾಗಿ ಆರಿಸುತ್ತಾರೆ. ಶಂಖ ಊದಿದರೆ ಸಭೆ. ಶಂಖ ಯಾರ ಕೈಯಲ್ಲಿದೆಯೋ ಅವರಿಗೆ ಮಾತಾಡುವ ಹಕ್ಕು. ಬೆಟ್ಟದ ಮೇಲೆ ಬೆಂಕಿ ಹಾಕಿ ಅದು ಆರದಂತೆ ಕಾಯಬೇಕು. ಹೊಗೆ ಕಂಡು ಯಾವುದಾದರೂ ಹಡಗು ಬಂದೀತು ಎಂಬುದು ಅವರ ಆಸೆ.

ಚುನಾವಣೆಯಲ್ಲಿ ಸೋತ ಜ್ಯಾಕ್ ಎಂಬವನ ಮನಸ್ಸಿನಲ್ಲಿ ಮತ್ಸರದ ಬೀಜ ಬೀಳುತ್ತದೆ. ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಜ್ಯಾಕ್ ಗಾಯನವೃಂದದ ನಾಯಕ. ಅವನೂ ಅವನ ಸಂಗಡಿಗರೂ ಎದೆಯ ಮೇಲೆ ಶಿಲುಬೆಯ ಗುರುತಿದ್ದ ಕಪ್ಪು ನಿಲುವಂಗಿ ತೊಟ್ಟು ಸಾಲಾಗಿ ನಡೆದು ಬಂದವರು. ದೇವರ ಕೀರ್ತನೆ ಹಾಡುತ್ತಿದ್ದ ಆ ತಂಡವೇ ಬೇಟೆಗಾರರ ತಂಡವಾಗುತ್ತದೆ. ಒಂದು ದಿನ ಅವರು ಬೆಂಕಿ ಕಾಯುವುದನ್ನು ಬಿಟ್ಟು ಹಂದಿಯ ಬೇಟೆಗೆ ಹೋಗುತ್ತಾರೆ. ಬೆಂಕಿ ಆರುತ್ತದೆ. ಅದೇ ಹೊತ್ತಿಗೆ ಹಡಗೊಂದು ದೂರದಲ್ಲಿ ಹಾದುಹೋಗುತ್ತದೆ. ಮಾಂಸ ಸಿಕ್ಕಿತು, ಬಿಡುಗಡೆ ತಪ್ಪಿತು.

ಅಲ್ಲಿಂದ ಇಳಿಜಾರು. ದ್ವೀಪದಲ್ಲೊಂದು ಭಯಂಕರ ಮೃಗವಿದೆ ಎಂಬ ಭಯ ಚಿಕ್ಕವರಲ್ಲಿ ಹರಡುತ್ತದೆ. ಭಯಪಟ್ಟವರು ವಿಚಾರವಂತನ ಬಳಿಗಲ್ಲ, ಭರ್ಜಿ ಹಿಡಿದವನ ಬಳಿಗೆ ಓಡುತ್ತಾರೆ. ಮುಖಕ್ಕೆ ಬಣ್ಣ ಬಳಿದುಕೊಂಡ ಮೇಲೆ ನಾಚಿಕೆ ಹೋಗುತ್ತದೆ. ರೋಜರ್ ಎಂಬ ಹುಡುಗ ಮೊದಲೊಮ್ಮೆ ಒಬ್ಬ ಚಿಕ್ಕವನತ್ತ ಕಲ್ಲೆಸೆಯುವಾಗ ಬೇಕೆಂದೇ ಗುರಿ ತಪ್ಪಿಸಿ ಎಸೆಯುತ್ತಾನೆ. ತಂದೆತಾಯಿ, ಶಾಲೆ, ಕಾನೂನು ಇವೆಲ್ಲ ದೂರದಲ್ಲಿದ್ದರೂ ಅವನ ಕೈಯನ್ನು ಇನ್ನೂ ಹಿಡಿದಿರುತ್ತವೆ. ಕಥೆಯ ಕೊನೆಗೆ ಅದೇ ರೋಜರ್ ಬಂಡೆಯೊಂದನ್ನು ಉರುಳಿಸಿ, ಕನ್ನಡಕ ಹಾಕಿದ ಬುದ್ಧಿವಂತ ಹುಡುಗ ಪಿಗ್ಗಿಯನ್ನು ಕೊಲ್ಲುತ್ತಾನೆ. ಶಂಖವೂ ಆಗಲೇ ಪುಡಿಯಾಗುತ್ತದೆ. ಅದಕ್ಕೂ ಮುಂಚೆ ಸೈಮನ್ ಎಂಬ ಸಾಧು ಹುಡುಗ ಬೆಟ್ಟ ಹತ್ತಿ, ಮೃಗವೆಂದು ಎಲ್ಲರೂ ಹೆದರಿದ್ದು ಸತ್ತ ಸೈನಿಕನೊಬ್ಬನ ಶವವೆಂದು ತಿಳಿದು, ಆ ನಿಜವನ್ನು ಹೇಳಲು ಇಳಿದು ಬರುತ್ತಾನೆ. ಕತ್ತಲಲ್ಲಿ ಕುಣಿಯುತ್ತಿದ್ದ ಹುಡುಗರು ಅವನನ್ನೇ ಮೃಗವೆಂದು ಬಡಿದು ಕೊಲ್ಲುತ್ತಾರೆ. ನಿಜ ಹೇಳಲು ಬೆಟ್ಟದಿಂದ ಇಳಿದು ಬಂದವನನ್ನು ತನ್ನವರೇ ಕೊಂದ ಈ ಪ್ರಸಂಗವನ್ನು ಓದುವಾಗ ಕ್ರೈಸ್ತರಾದ ನಮಗೆ ಯಾರ ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ.

ನೊಣಗಳ ಒಡೆಯ ಯಾರು?

ಕಾದಂಬರಿಯಲ್ಲಿ ಹುಡುಗರು ಹಂದಿಯ ತಲೆಯನ್ನು ಕೋಲಿಗೆ ಸಿಕ್ಕಿಸಿ ಮೃಗಕ್ಕೆ ಕಾಣಿಕೆಯಾಗಿ ನೆಡುತ್ತಾರೆ. ಅದಕ್ಕೆ ನೊಣ ಮುತ್ತುತ್ತದೆ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದ. ಆದರೆ ಆ ಹೆಸರಿನ ಮೂಲ ಶ್ರೀಗ್ರಂಥದಲ್ಲಿದೆ. ಅರಸುಗಳ ಎರಡನೇ ಗ್ರಂಥದ ಮೊದಲ ಅಧ್ಯಾಯದಲ್ಲಿ, ಗಾಯಗೊಂಡ ಅರಸ ಅಹಜ್ಯನು ಎಕ್ರೋನಿನ ದೇವತೆಯಾದ ಬಾಳ್ಜೆಬೂಬನ ಬಳಿಗೆ ದೂತರನ್ನು ಕಳುಹಿಸುತ್ತಾನೆ. ಪ್ರವಾದಿ ಎಲೀಯ ಅವರನ್ನು ತಡೆಯುತ್ತಾರೆ. ಹಿಬ್ರೂ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ನೊಣಗಳ ಒಡೆಯ. ಶುಭಸಂದೇಶದಲ್ಲಿ ಇದೇ ಹೆಸರು ಬೆಲ್ಜೆಬೂಲ ಎಂದು ಬರುತ್ತದೆ. ಅಲ್ಲಿ ಅವನು ದೆವ್ವಗಳ ಒಡೆಯ.

ಯೇಸುಸ್ವಾಮಿ ಬೆಲ್ಜೆಬೂಲನ ಬಲದಿಂದ ದೆವ್ವ ಬಿಡಿಸುತ್ತಾರೆಂದು ವಿರೋಧಿಗಳು ಆಪಾದಿಸಿದಾಗ ಸ್ವಾಮಿ ಕೊಟ್ಟ ಉತ್ತರವನ್ನು ನೆನಪಿಸಿಕೊಳ್ಳೋಣ. ತನ್ನಲ್ಲೇ ಒಡೆದುಹೋದ ರಾಜ್ಯವಾಗಲಿ, ಮನೆಯಾಗಲಿ ಉಳಿಯಲಾರದು ಎಂಬುದು ಅದರ ತಿರುಳು. ನೊಣಗಳ ಒಡೆಯನ ಮಾತು ಬಂದಲ್ಲೇ ಒಡೆದ ಮನೆಯ ಮಾತೂ ಬಂತು ಎಂಬುದನ್ನು ನೋಡಿರಿ. ನೊಣ ಎಲ್ಲಿ ಕೂರುತ್ತದೆ? ಗಾಯವಿದ್ದಲ್ಲಿ. ಮನೆಯಲ್ಲಿ ಬಿರುಕು ಬಿಟ್ಟ ಜಾಗವನ್ನು ಕೆಡುಕು ಹುಡುಕಿಕೊಂಡು ಬರುತ್ತದೆ.

ಶ್ರೀಗ್ರಂಥದ ಮೊದಲ ಕೊಲೆ ಅಣ್ಣತಮ್ಮಂದಿರ ನಡುವೆ ನಡೆಯಿತು. ಅದಕ್ಕೆ ಕಾರಣ ಹಸಿವಲ್ಲ, ಆಸ್ತಿಯಲ್ಲ; ತಮ್ಮ ಹೇಬೆಲನ ಕಾಣಿಕೆ ದೇವರಿಗೆ ಮೆಚ್ಚುಗೆಯಾಯಿತು ಎಂಬ ಮತ್ಸರ. ಬಲಿಪೀಠದ ಮುಂದೆಯೇ ಪೈಪೋಟಿ ಹುಟ್ಟಿತ್ತು. ಪಾಪವು ಬಾಗಿಲಲ್ಲಿ ಮೃಗದಂತೆ ಹೊಂಚುಹಾಕಿದೆ, ಅದನ್ನು ನೀನು ಗೆಲ್ಲಬೇಕು ಎಂಬ ಅರ್ಥದಲ್ಲಿ ದೇವರು ಕಾಯಿನನನ್ನು ಎಚ್ಚರಿಸಿದ್ದರು. ಗೋಲ್ಡಿಂಗರ ಹುಡುಗರು ಕಾಡಿನಲ್ಲಿ ಹುಡುಕಿದ ಮೃಗ ಇದೇ. ಅದು ಹೊರಗಿರಲಿಲ್ಲ.

ಕಥೆಯಾಚೆಗೆ ನಡೆದದ್ದು

ಹಾಗಾದರೆ ಹಿರಿಯರ ಕಣ್ಣು ತಪ್ಪಿದರೆ ಮಕ್ಕಳೆಲ್ಲ ಮೃಗಗಳಾಗುತ್ತಾರೆಯೇ? ಅವಸರ ಬೇಡ. ಇದು ಕಥೆ, ಕಥೆ ಎಚ್ಚರಿಕೆ ಕೊಡಬಲ್ಲದು, ಸಾಕ್ಷಿ ಹೇಳಲಾರದು. ನಿಜವಾಗಿ ನಡೆದ ಎರಡು ಸಂಗತಿಗಳನ್ನು ನೋಡೋಣ.

ಕಾದಂಬರಿ ಹೊರಬಂದ 1954ರಲ್ಲೇ ಅಮೆರಿಕದ ಓಕ್ಲಹೋಮದಲ್ಲಿ ಮುಜಾಫರ್ ಶರೀಫ್ ಎಂಬ ಮನಃಶಾಸ್ತ್ರಜ್ಞರು 22 ಬಾಲಕರ ಬೇಸಿಗೆ ಶಿಬಿರವೊಂದನ್ನು ನಡೆಸಿದರು. ಒಳ್ಳೆಯ ಮನೆಗಳಿಂದ ಬಂದ, ಹನ್ನೊಂದರ ಆಸುಪಾಸಿನ ಮಕ್ಕಳು. ಅವರನ್ನು ಎರಡು ತಂಡ ಮಾಡಿ, ಪಂದ್ಯಗಳನ್ನು ಏರ್ಪಡಿಸಿ, ಗೆದ್ದ ತಂಡಕ್ಕೆ ಮಾತ್ರ ಬಹುಮಾನ ಎಂದರು. ಕೆಲವೇ ದಿನಗಳಲ್ಲಿ ಬೈಗುಳ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ವಸತಿಗೆ ನುಗ್ಗಿ ಸಾಮಾನು ಚೆಲ್ಲಾಡಿದರು. ಇಲ್ಲಿ ಹಿರಿಯರು ಇರಲಿಲ್ಲವೆಂದಲ್ಲ, ಇದ್ದರು. ಪೈಪೋಟಿಯನ್ನು ಹಚ್ಚಿದವರೇ ಅವರು! ಮುಂದೆ ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಊಟವನ್ನೇ ಒಬ್ಬರ ಮೇಲೊಬ್ಬರು ಎರಚಿದರು. ನಿಂತದ್ದು ಯಾವಾಗ? ಶಿಬಿರಕ್ಕೆ ನೀರು ಬರುವುದು ನಿಂತು, ದೋಷವೆಲ್ಲಿದೆಯೆಂದು ಎಲ್ಲರೂ ಸೇರಿ ಹುಡುಕಬೇಕಾದಾಗ. ಕೆಟ್ಟು ನಿಂತ ಲಾರಿಗೆ ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆಯಬೇಕಾದಾಗ. ಕೊನೆಗೆ ಊರಿಗೆ ಮರಳುವಾಗ ಒಂದೇ ಬಸ್ಸಿನಲ್ಲಿ ಹೋಗುತ್ತೇವೆಂದು ಹುಡುಗರು ತಾವಾಗಿಯೇ ಕೇಳಿದರು.

ಎರಡನೆಯದು ಶಾಂತಸಾಗರದ ಟೊಂಗಾ ದೇಶದ್ದು. 1965ರಲ್ಲಿ ಅಲ್ಲಿನ ವಸತಿಶಾಲೆಯೊಂದರ ಆರು ಹುಡುಗರು ಮೀನುಗಾರನ ದೋಣಿ ಹತ್ತಿ ಹೊರಟು, ಬಿರುಗಾಳಿಗೆ ಸಿಕ್ಕಿ, ಆಟಾ ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳು ಅಲ್ಲೇ ಇದ್ದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ ಅವರನ್ನು ಕಂಡು ರಕ್ಷಿಸಿದರು. ಆರೂ ಮಂದಿ ಬದುಕಿದ್ದರು. ಇಬ್ಬಿಬ್ಬರಂತೆ ಪಾಳಿ ಹಾಕಿಕೊಂಡು ತೋಟ, ಅಡುಗೆ, ಕಾವಲು ನೋಡಿಕೊಂಡಿದ್ದರು. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಕಡೆಯವರೆಗೆ ಆರಗೊಡಲಿಲ್ಲ. ಜಗಳ ಅಲ್ಲಿಯೂ ಆಯಿತು. ಜಗಳವಾಡಿದ ಇಬ್ಬರೂ ದ್ವೀಪದ ಬೇರೆ ಬೇರೆ ಮೂಲೆಗೆ ಹೋಗಿ, ಸಿಟ್ಟು ತಣಿದ ಮೇಲೆ ಬಂದು ಕ್ಷಮೆ ಕೇಳಬೇಕೆಂಬ ಕಟ್ಟಳೆ ಮಾಡಿಕೊಂಡಿದ್ದರು. ಒಬ್ಬನು ಬಿದ್ದು ಕಾಲು ಮುರಿದಾಗ ಮಿಕ್ಕವರು ಕಡ್ಡಿ ಕಟ್ಟಿ ಮೂಳೆ ಕೂಡಿಸಿ, ಅವನ ಪಾಲಿನ ಕೆಲಸವನ್ನೂ ಮಾಡಿದರು. ಅವರ ದಿನ ಹಾಡು ಮತ್ತು ಪ್ರಾರ್ಥನೆಯಿಂದ ಆರಂಭವಾಗಿ, ಹಾಡು ಮತ್ತು ಪ್ರಾರ್ಥನೆಯಿಂದಲೇ ಮುಗಿಯುತ್ತಿತ್ತು.

ಇವರು ಆರೇ ಮಂದಿ, ಮೊದಲೇ ಗೆಳೆಯರು ಎಂಬುದನ್ನು ಮರೆಯಬಾರದು. ಆದರೂ ಒಂದು ಮಾತು ಸ್ಪಷ್ಟ. ಆ ದ್ವೀಪದಲ್ಲಿಯೂ ಹಿರಿಯರಿರಲಿಲ್ಲ, ಆದರೆ ಹಿರಿಯರು ಕಲಿಸಿದ್ದು ಇತ್ತು. ನಮ್ಮ ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊಂದುತ್ತದೆ. ಆದಿಪಾಪದಿಂದ ಮಾನವ ಸ್ವಭಾವ ಗಾಯಗೊಂಡಿದೆ. ಆದರೆ ಪೂರ್ತಿಯಾಗಿ ಕೆಟ್ಟುಹೋಗಿಲ್ಲ. ಗಾಯವನ್ನು ತೊಳೆದು ಕಟ್ಟಿದರೆ ವಾಸಿಯಾಗುತ್ತದೆ, ಹಾಗೇ ಬಿಟ್ಟರೆ ನೊಣ ಮುತ್ತುತ್ತದೆ.

ನಮ್ಮೂರಿನ ದ್ವೀಪಗಳು

ದ್ವೀಪ ಕಾಣಲು ನಾವು ಸಮುದ್ರಕ್ಕೆ ಹೋಗಬೇಕಾಗಿಲ್ಲ. 1874ರಲ್ಲಿ ಹೈದರಾಬಾದ್ ಕಡೆಯ ರೈಲುಹಾದಿ ವಾಡಿಗೆ ಬಂದು ಸೇರಿದ ದಿನದಿಂದ ವಾಡಿ ಜಂಕ್ಷನ್ ಹಗಲೂ ರಾತ್ರಿ ಎಚ್ಚರವಾಗಿರುವ ಊರು. ಮನೆಯಲ್ಲಿ ಮುನಿಸಿಕೊಂಡು ರೈಲು ಹತ್ತಿದ ಹುಡುಗನಿಗೆ ದೊಡ್ಡ ಜಂಕ್ಷನ್ನಿನ ಪ್ಲಾಟ್‌ಫಾರಂ ಒಂದು ದ್ವೀಪವೇ. ಅಲ್ಲಿ ಮೊದಲು ಬಂದವನೇ ನಾಯಕ, ಬಲವಿದ್ದವನದೇ ನ್ಯಾಯ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎಷ್ಟೋ ಹಳ್ಳಿ ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ. ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವ ಕೈಗಳಲ್ಲಿ ನಮ್ಮ ಭಾಗದ ಕೈಗಳು ಬಹಳ. ಅವರ ಮಕ್ಕಳು ಅಜ್ಜಿಯ ಬಳಿಯೋ, ವಸತಿನಿಲಯದಲ್ಲೋ ಉಳಿಯುತ್ತಾರೆ. ಹದಿನಾಲ್ಕು ವರ್ಷದ ಅಕ್ಕ ಎಂಟು ವರ್ಷದ ತಮ್ಮನಿಗೆ ತಾಯಿಯಾಗುತ್ತಾಳೆ. ಶಹಾಬಾದಿನ ಫರ್ಸಿ ಕಲ್ಲು ತೆಗೆದ ಹಳೆಯ ಗಣಿಗುಂಡಿಗಳ ಬಳಿ, ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೋದ ತಂದೆ ಬರುವವರೆಗೆ ಆಡುವ ಹುಡುಗರ ಗುಂಪುಗಳಲ್ಲಿ ಒಬ್ಬ ರಾಲ್ಫ್ ಇದ್ದಾನೆ, ಒಬ್ಬ ಜ್ಯಾಕ್ ಇದ್ದಾನೆ, ಎಲ್ಲರಿಂದ ಅಣಕಿಸಿಕೊಳ್ಳುವ ಒಬ್ಬ ಪಿಗ್ಗಿಯೂ ಇದ್ದಾನೆ. ಒಂದೇ ಸೂರಿನಡಿ ಇದ್ದೂ ತಂದೆ ಒಂದು ಮೊಬೈಲಿನಲ್ಲಿ, ಮಗ ಇನ್ನೊಂದು ಮೊಬೈಲಿನಲ್ಲಿ ಮುಳುಗಿದ ಮನೆಯೂ ಹಿರಿಯರಿಲ್ಲದ ದ್ವೀಪವೇ ಅಲ್ಲವೇ?

ಪೈಪೋಟಿಯ ವಿಷಯದಲ್ಲಿ ನಾವು ದೊಡ್ಡವರು ಕೈ ತೊಳೆದುಕೊಳ್ಳುವಂತಿಲ್ಲ. ಧರ್ಮಕೇಂದ್ರವೊಂದರಲ್ಲಿ ನಾವು ಕಂಡ ಪ್ರಸಂಗ ಇದು. ಕ್ರಿಸ್ಮಸ್ ಗೋದಲಿ ಸ್ಪರ್ಧೆಯಲ್ಲಿ ಎರಡು ಓಣಿಯ ಮಕ್ಕಳು ಭಾಗವಹಿಸಿದ್ದರು. ತೀರ್ಪಿನ ಹಿಂದಿನ ರಾತ್ರಿ ಒಂದು ಓಣಿಯವರ ನಕ್ಷತ್ರ ಹರಿದುಹೋಗಿತ್ತು. ಹರಿದ ಹುಡುಗ ಅಳುತ್ತಾ ಹೇಳಿದ: ಈ ಸಲ ಬಹುಮಾನ ಬರದಿದ್ದರೆ ಮನೆಗೆ ಬರಬೇಡ ಎಂದು ಅಪ್ಪ ಹೇಳಿದ್ದರು. ತಂದೆ ನಗೆಯಾಡಿದ್ದಿರಬಹುದು. ಮಗು ಅದನ್ನು ನಿಜವೆಂದೇ ನಂಬಿತ್ತು. ಬಾಲಯೇಸುವಿಗೆ ಕಟ್ಟಿದ ಕೊಟ್ಟಿಗೆಯಲ್ಲೂ ಕಾಯಿನ ಕಾಲಿಟ್ಟಿದ್ದ. ಗುರುಗಳು ಯಾರನ್ನೂ ಹೊಡೆಯಲಿಲ್ಲ. ಆ ವರ್ಷ ಬಹುಮಾನವಿಲ್ಲ ಎಂದು ಹೇಳಿ, ಎರಡೂ ಓಣಿಯವರಿಂದ ದೇವಾಲಯದ ಅಂಗಳದಲ್ಲಿ ಒಂದೇ ದೊಡ್ಡ ಗೋದಲಿ ಕಟ್ಟಿಸಿದರು. ಹರಿದ ನಕ್ಷತ್ರಕ್ಕೆ ಹೊಸ ಕಾಗದ ಅಂಟಿಸಿದವನು ಅದೇ ಹುಡುಗ.

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಸಾಮ್ರಾಟ ಅಶೋಕನ ಶಾಸನಗಳು ದೊರೆತಿವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು ಎಂಬ ಭಾವ ಒಂದರಲ್ಲಿದೆ. ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯಬಾರದೆಂಬ ಬುದ್ಧಿಮಾತು ಇನ್ನೊಂದರಲ್ಲಿದೆ. ಯುದ್ಧದ ರಕ್ತ ಕಂಡು ಮನಸ್ಸು ತಿರುಗಿದ ಅರಸನ ಮಾತು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ನೆಲದ ಕಲ್ಲಿನ ಮೇಲಿದೆ. ಕಲ್ಲಿನ ಮೇಲಿದ್ದದ್ದು ಮಕ್ಕಳ ಎದೆಗೆ ಇಳಿಯಬೇಕಾಗಿದೆ.

ಒಂಬತ್ತು ವರ್ಷದ ಹುಡುಗನ ಕನಸು

ಜಾನ್ ಬೋಸ್ಕೊ 1815ರ ಆಗಸ್ಟ್ 16ರಂದು ಇಟಲಿಯ ಬೆಕ್ಕಿ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ ಅವರಿಗೊಂದು ಕನಸು ಬಿತ್ತು. ಮನೆಯ ಬಳಿಯ ಬಯಲಿನಲ್ಲಿ ಹುಡುಗರ ದೊಡ್ಡ ಗುಂಪು. ಕೆಲವರು ದೇವದೂಷಣೆ ಮಾಡುತ್ತಿದ್ದರು. ಜಾನ್ ನುಗ್ಗಿ ಮುಷ್ಟಿಯಿಂದ ಹೊಡೆದು ಬಾಯಿ ಮುಚ್ಚಿಸಲು ನೋಡಿದ. ಆಗ ತೇಜಸ್ವಿಯಾದ ಒಬ್ಬರು ಕಾಣಿಸಿಕೊಂಡು, ಹೊಡೆತದಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕು ಎಂದು ತಿಳಿಸಿದರು. ಒಬ್ಬ ಮಹಾತಾಯಿ ಅವನ ಕೈ ಹಿಡಿದರು. ನೋಡುತ್ತಿದ್ದಂತೆ ಹುಡುಗರು ಮರೆಯಾಗಿ ಕಾಡುಮೃಗಗಳು ಕಾಣಿಸಿದವು. ಆ ಮೃಗಗಳೇ ಮತ್ತೆ ಸಾಧು ಕುರಿಮರಿಗಳಾದವು.

ಗೋಲ್ಡಿಂಗರ ಕಥೆಯಲ್ಲಿ ಹುಡುಗರು ಮೃಗಗಳಾಗುತ್ತಾರೆ. ಬೋಸ್ಕೊರವರ ಕನಸಿನಲ್ಲಿ ಮೃಗಗಳು ಕುರಿಮರಿಗಳಾಗುತ್ತವೆ. ಎರಡರ ನಡುವಣ ಅಂತರ ಒಂದೇ: ಇಲ್ಲಿ ನಡುವೆ ನಿಲ್ಲುವವರೊಬ್ಬರು ಇದ್ದಾರೆ.

ಪೈಪೋಟಿ ಅವರ ಮನೆಯಲ್ಲೂ ಇತ್ತು. ಕನಸು ಕೇಳಿದ ಮಲಅಣ್ಣ ಆಂತೋನಿ, ನೀನು ಕಳ್ಳರ ನಾಯಕನಾಗುವೆ ಎಂದು ಅಣಕಿಸಿದ. ಜಾನನ ಓದು ಅವನಿಗೆ ಕಣ್ಣುಕಿಸುರು. ಜಗಳ ಹೆಚ್ಚಿದಾಗ ತಾಯಿ ಮಾರ್ಗರೀಟಾ, ಹನ್ನೆರಡರ ಆಸುಪಾಸಿನ ಮಗನನ್ನು ಮನೆಯಿಂದಾಚೆ ದುಡಿಯಲು ಕಳುಹಿಸಬೇಕಾಯಿತು. ಅವನು ಪರರ ಹೊಲದಲ್ಲಿ ಆಳಾಗಿ ದುಡಿದ. ಗುಳೆ ಹೋದವರ ಮಕ್ಕಳ ನೋವು ಈ ಸಂತರಿಗೆ ಓದಿ ತಿಳಿದದ್ದಲ್ಲ.

1841ರಲ್ಲಿ ಗುರುಪಟ್ಟ ಪಡೆದು ತುರಿನ್ ನಗರಕ್ಕೆ ಬಂದಾಗ, ಹಳ್ಳಿಗಳಿಂದ ಬಂದು ಗಾರೆ ಕೆಲಸ ಮಾಡುತ್ತಿದ್ದ ಹುಡುಗರನ್ನೂ, ಸೆರೆಮನೆ ಸೇರಿದ್ದ ಬಾಲಕರನ್ನೂ ಅವರು ಕಂಡರು. ಹೊರಗೆ ಇವರನ್ನು ವಿಚಾರಿಸುವ ಒಬ್ಬ ಗೆಳೆಯನಿದ್ದಿದ್ದರೆ ಇವರು ಒಳಗೆ ಬರುತ್ತಿದ್ದರೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಮಕ್ಕಳಿಗೆ ಆಟ, ಓದು, ಕಸುಬು, ಪ್ರಾರ್ಥನೆ ಎಲ್ಲವೂ ಒಂದೇ ಅಂಗಳದಲ್ಲಿ ಸಿಗುವಂತೆ ಮಾಡಿದರು. ವಿವೇಕ, ದೈವಭಕ್ತಿ, ಅಕ್ಕರೆ ಇವೇ ಅವರ ಶಿಕ್ಷಣದ ಮೂರು ಕಂಬಗಳು. ತಪ್ಪು ಮಾಡಿದ ಮೇಲೆ ಶಿಕ್ಷಿಸುವುದಕ್ಕಿಂತ, ತಪ್ಪು ಆಗದಂತೆ ಮಕ್ಕಳ ನಡುವೆಯೇ ಇರುವುದು ಅವರ ಕ್ರಮ. 1888ರ ಜನವರಿ 31ರಂದು ಅವರು ದೈವಾಧೀನರಾದರು; 1934ರಲ್ಲಿ ಸಂತರೆಂದು ಘೋಷಿಸಲ್ಪಟ್ಟರು. ಅವರ ಸಲೇಶಿಯನ್ ಸಭೆಯವರು ನಮ್ಮ ಬೆಂಗಳೂರಿನಲ್ಲಿ 1980ರಲ್ಲಿ ಬೀದಿಯ ಮಕ್ಕಳ ಬಳಿಗೆ ಹೋಗತೊಡಗಿದರು. ಅದೇ ಮುಂದೆ ‘ಬಾಸ್ಕೊ’, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟವಾಗಿ ಬೆಳೆಯಿತು.

ನಾವೇನು ಮಾಡೋಣ?

ಮೊದಲನೆಯದಾಗಿ, ಮಕ್ಕಳನ್ನು ಹೋಲಿಸುವುದನ್ನು ಬಿಡೋಣ. ಪಕ್ಕದ ಮನೆಯವನ ಅಂಕವನ್ನು ನಮ್ಮ ಮಗನ ತಟ್ಟೆಗೆ ಬಡಿಸುವುದು ಬೇಡ. ಆಟದಲ್ಲಿ ಗೆಲ್ಲುವುದು ತಪ್ಪಲ್ಲ. ಸೋತವನಿಗೆ ಮನೆಯಲ್ಲಿ ಜಾಗವಿಲ್ಲವೆನ್ನುವುದು ತಪ್ಪು.

ಎರಡನೆಯದಾಗಿ, ಮಕ್ಕಳಿಗೆ ಕೂಡಿ ಮಾಡುವ ಕೆಲಸ ಕೊಡೋಣ. ಜಗಳವಾಡಿದವರನ್ನು ಪಕ್ಕಪಕ್ಕ ಕೂರಿಸಿದರೆ ಸಾಲದು. ಒಂದೇ ಕೊಡಕ್ಕೆ ಇಬ್ಬರೂ ಕೈ ಹಾಕಬೇಕು. ದೇವಾಲಯದ ಅಂಗಳ ಗುಡಿಸುವುದು, ಹಬ್ಬದ ಊಟ ಬಡಿಸುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು ಇವೆಲ್ಲ ಧರ್ಮೋಪದೇಶದ ಪಾಠಗಳೇ.

ಮೂರನೆಯದಾಗಿ, ಟೊಂಗಾದ ಹುಡುಗರ ಕಟ್ಟಳೆಯನ್ನು ಮನೆಯಲ್ಲಿ ತರೋಣ. ಸಿಟ್ಟು ಬಂದಾಗ ಸ್ವಲ್ಪ ದೂರ, ತಣಿದ ಮೇಲೆ ಕ್ಷಮೆ. ಇದನ್ನು ಮೊದಲು ಗಂಡಹೆಂಡಿರು ಮಾಡಿ ತೋರಿಸಿದರೆ ಮಕ್ಕಳಿಗೆ ಬೇರೆ ಪಾಠ ಬೇಕಾಗದು. ರಾತ್ರಿ ಒಟ್ಟಿಗೆ ಮೊಣಕಾಲೂರಿ ಒಂದು ಜಪಸರ ಹೇಳುವ ಮನೆಯಲ್ಲಿ ಬೆಂಕಿ ಆರುವುದಿಲ್ಲ.

ನಾಲ್ಕನೆಯದಾಗಿ, ನಮ್ಮ ಓಣಿಯಲ್ಲಿ ತಂದೆತಾಯಿ ಗುಳೆ ಹೋದ ಮನೆ ಯಾವುದೆಂದು ನಮಗೆ ಗೊತ್ತಿರಲಿ. ಅವರು ಯಾವ ಧರ್ಮದವರು ಎಂದು ಕೇಳುವ ಅಗತ್ಯವಿಲ್ಲ. ಭಾನುವಾರ ಒಂದು ತಟ್ಟೆ ಹೆಚ್ಚಿಗೆ ಇಟ್ಟರೆ ನಮಗೇನೂ ಕೊರತೆಯಾಗದು. ರೈಲು ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ ರೈಲ್ವೆ ಪೊಲೀಸರಿಗೆ ತಿಳಿಸೋಣ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ಕಂಡೂ ಕಾಣದಂತೆ ಹೋದರೆ ಆ ಮಗುವನ್ನು ದ್ವೀಪದಲ್ಲಿ ಬಿಟ್ಟು ಹೋದ ಹಡಗು ನಾವೇ ಆಗುತ್ತೇವೆ.

ಗೋಲ್ಡಿಂಗರ ಕಥೆ ನೌಕಾಪಡೆಯ ಅಧಿಕಾರಿಯೊಬ್ಬ ದಡಕ್ಕೆ ಬರುವುದರೊಂದಿಗೆ ಮುಗಿಯುತ್ತದೆ. ಬೇಟೆಗೆ ಗುರಿಯಾಗಿ ಓಡುತ್ತಿದ್ದ ರಾಲ್ಫ್ ಅವನ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಹಿರಿಯ ಬಂದ, ಆದರೆ ಇಬ್ಬರು ಸತ್ತ ಮೇಲೆ ಬಂದ. ಅವನೂ ಯುದ್ಧದ ಹಡಗಿನಿಂದ ಇಳಿದವನೇ. ಬೋಸ್ಕೊರವರು ತಡವಾಗುವ ಮೊದಲೇ ಹೋದರು, ಬರಿಗೈಯಲ್ಲಿ ಹೋದರು. ನಮ್ಮನ್ನೂ ಅದಕ್ಕೇ ಕರೆಯಲಾಗಿದೆ.

ಪ್ರಾರ್ಥಿಸೋಣ: ಮಗುವನ್ನು ನಡುವೆ ನಿಲ್ಲಿಸಿ ಶಿಷ್ಯರ ಪೈಪೋಟಿಯನ್ನು ಅಡಗಿಸಿದ ಸ್ವಾಮಿ, ನಮ್ಮ ಮನೆಗಳ ನಡುವೆ ನೀವೇ ಬಂದು ನಿಲ್ಲಿರಿ. ನಮ್ಮ ಮಕ್ಕಳ ಎದೆಯ ಮೃಗವನ್ನು ಕುರಿಮರಿಯನ್ನಾಗಿ ಮಾಡಿರಿ. ಅದಕ್ಕೂ ಮೊದಲು ನಮ್ಮ ಎದೆಯದನ್ನು. ಆಮೆನ್.